ಜನಾರ್ದನ ರೆಡ್ಡಿ ಒಬ್ಬರೇ ಬಿದ್ದದ್ದು ಹೇಗೆ?

2025ರ ಮೇ 6ರಂದು ಓಬಳಾಪುರಂ ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಗಾಲಿ ಜನಾರ್ದನ ರೆಡ್ಡಿಯವರಿಗೆ 7 ವರ್ಷ ಜೈಲು ವಿಧಿಸಿದ ದಿನ ನನ್ನ ಫೀಡ್ ತುಂಬಾ ಒಂದೇ ಮಾತು, "ಉಪ್ಪು ತಿಂದವ ನೀರು ಕುಡಿಯಲೇಬೇಕು." ಎರಡೇ ದಿನಕ್ಕೆ ಗಂಗಾವತಿ ಶಾಸಕ ಸ್ಥಾನ ಹೋಯ್ತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು, ಸ್ಥಾನವೂ ವಾಪಸ್ ಬಂತು. ಆಗ ಇನ್ನೊಂದು ಗುಂಪಿನವರ ಜೈಕಾರ ಶುರು. ನನಗೆ ಎರಡೂ ಕಡೆಯವರ ಮೇಲೆ ತಕರಾರಿದೆ. ಇಬ್ಬರೂ ಇದನ್ನ ಒಬ್ಬ ಮನುಷ್ಯನ ಕಥೆ ಮಾಡಿಬಿಟ್ಟಿದ್ದಾರೆ. ಬಳ್ಳಾರಿ ಜಿಲ್ಲೆಯಲ್ಲಿ ಗಣಿ ಅಬ್ಬರದ ಆ ಹತ್ತು ವರ್ಷ ಬದುಕಿದವರಿಗೆ ಅದು ಒಬ್ಬರ ಕಥೆ ಅಲ್ಲ ಅಂತ ಚೆನ್ನಾಗಿ ಗೊತ್ತು. ಹಾಗೆ ಮಾಡಿದ್ದರಿಂದ ಯಾರ್ಯಾರಿಗೆ ಅನುಕೂಲ ಆಯ್ತು ಅನ್ನೋದನ್ನ ಇಲ್ಲಿ ಬರೀತಿದ್ದೀನಿ. ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಹೊಸಬರಿಗೆ ಸ್ವಲ್ಪ ಹಿಂದಿನದ್ದು. ಜನಾರ್ದನ ರೆಡ್ಡಿ ಪೊಲೀಸ್ ಪೇದೆಯ ಮಗ. ತೊಂಬತ್ತರ ದಶಕದಲ್ಲಿ ಅವರದ್ದು ಎನ್ನೋಬಲ್ ಇಂಡಿಯಾ ಅಂತ ಒಂದು ಫೈನಾನ್ಸ್ ಕಂಪನಿ ಇತ್ತು, ಅದು ಬಾಗಿಲು ಹಾಕ್ತು. 1999ರಲ್ಲಿ ಬಳ್ಳಾರಿ ಲೋಕಸಭೆಗೆ ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್ ಬಂದು ನಿಂತ್ರು. ಸುಷ್ಮಾ ಸೋತರು, ಆದ್ರೆ ಅವರ ಪರ ಊರೂರು ಓಡಾಡಿದ ರೆಡ್ಡಿ ಸೋದರರು ಮತ್ತು ಅವರ ಆಪ್ತ ಶ್ರೀರಾಮುಲು ಗೆದ್ದಂಗೇ ಆಯ್ತು. ಆಮೇಲೆ ಪ್ರತಿ ಶ್ರಾವಣದಲ್ಲಿ ವರಮಹಾಲಕ್ಷ್ಮಿ ಪೂಜೆಗೆ ಸುಷ್ಮಾ ಬಳ್ಳಾರಿಗೆ ಬರೋದು, ಪತ್ರಿಕೆಯಲ್ಲಿ ಫೋಟೊ ಬರೋದು ವಾಡಿಕೆಯಾಯ್ತು. ರೆಡ್ಡಿಯವರ ಓಬಳಾಪುರಂ ಮೈನಿಂಗ್ ಕಂಪನಿ ಹುಟ್ಟಿದ್ದು ಆ ನಂತರ. ಗುತ್ತಿಗೆ ಆಂಧ್ರದ ಅನಂತಪುರ ಜಿಲ್ಲೆಯಲ್ಲಿ, ಸರಿಯಾಗಿ ನಮ್ಮ ಗಡಿಗೆ ಅಂಟಿಕೊಂಡು.

ಬೀಜಿಂಗ್ ಒಲಿಂಪಿಕ್ಸ್ 2008ರಲ್ಲಿ. ಅದಕ್ಕೆ ಮುಂಚಿನ ಐದಾರು ವರ್ಷ ಚೀನಾಕ್ಕೆ ಎಷ್ಟು ಅದಿರು ಸುರಿದರೂ ಸಾಲ್ತಿರಲಿಲ್ಲ. ಇಲ್ಲಿ ಮಾತ್ರ ಸರ್ಕಾರಕ್ಕೆ ಹೋಗ್ತಿದ್ದ ರಾಜಧನ (ರಾಯಲ್ಟಿ) ಒಳ್ಳೆಯ ಅದಿರಿಗೂ ಟನ್ನಿಗೆ 27 ರೂಪಾಯಿ ದಾಟ್ತಿರಲಿಲ್ಲ. ಮಾರುಕಟ್ಟೆಯಲ್ಲಿ ಅದೇ ಟನ್ನಿಗೆ ಸಾವಿರಗಟ್ಟಲೆ. ನಡುವಿನ ದುಡ್ಡು ಎಲ್ಲಿಗೆ ಹೋಯ್ತು ಅಂತ ಕೇಳೋಕೆ ದೊಡ್ಡ ಅರ್ಥಶಾಸ್ತ್ರ ಬೇಕಿಲ್ಲ. 2009ರ ಆಗಸ್ಟ್‌ವರೆಗೂ ಈ ದರ ಬದಲಾಗಲಿಲ್ಲ. ದರ ನಿಗದಿ ಮಾಡೋದು ದೆಹಲಿ. ಆ ವರ್ಷಗಳಲ್ಲಿ ಅಲ್ಲಿ ವಾಜಪೇಯಿ ಸರ್ಕಾರವೂ ಇತ್ತು, ಮನಮೋಹನ ಸಿಂಗ್ ಸರ್ಕಾರವೂ ಇತ್ತು. ಕರ್ನಾಟಕದಲ್ಲಿ ಗಣಿಗೆ ಅಂತ ಕಾದಿಟ್ಟಿದ್ದ ಸಾವಿರಾರು ಚದರ ಕಿಲೋಮೀಟರ್ ಜಾಗವನ್ನ ಖಾಸಗಿಯವರಿಗೆ ತೆರೆದಿದ್ದು 2003ರಲ್ಲಿ, ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ. ಆಗಿನ್ನೂ ರೆಡ್ಡಿಯವರು ಶಾಸಕರೂ ಆಗಿರಲಿಲ್ಲ, ಮಂತ್ರಿಯೂ ಆಗಿರಲಿಲ್ಲ.

ಹೊಸಪೇಟೆ, ಸಂಡೂರು, ತೋರಣಗಲ್ಲು ಕಡೆಯವರಿಗೆ ಆ ಧೂಳು ನೆನಪಿರುತ್ತೆ. ರಸ್ತೆ ಪಕ್ಕದ ಜೋಳದ ಗರಿ, ಜಾಲಿ ಗಿಡ, ಒಣಗೋಕೆ ಹಾಕಿದ ಪಂಚೆ ಎಲ್ಲಾ ಒಂದೇ ಇಟ್ಟಂಗಿ ಬಣ್ಣ. ಹಂಪು ಬಂದ ಕಡೆ ಲಾರಿ ಎತ್ತಿ ಹಾಕಿದಾಗ ತಾಡಪಾಲಿನ ಸಂದಿಯಿಂದ ಅದಿರಿನ ಗಡ್ಡೆ ಉದುರೋದು, ಹುಡುಗರು ಆರಿಸಿ ಗುಡ್ಡೆ ಹಾಕೋರು. ಬಸ್ಸು ಲಾರಿ ಸಾಲಿನ ಹಿಂದೆ ಸಿಕ್ಕರೆ ತಾಸುಗಟ್ಟಲೆ ಅಲ್ಲೇ. ಶೇಂಗಾ ಬೆಳೀತಿದ್ದ ಪಟ್ಟಾ ಜಮೀನನ್ನೇ ಮೇಲ್ಮಣ್ಣು ಕೆರೆಯೋಕೆ ಕೊಟ್ಟವರಿದ್ರು, ಎರಡು ವರ್ಷದಲ್ಲಿ ಮನೆ ಮುಂದೆ ಸ್ಕಾರ್ಪಿಯೋ ನಿಂತಿತ್ತು. ನಮ್ಮ ಸಂಬಂಧಿಕರೊಬ್ಬರು ಹೆಂಡತಿಯ ಬಂಗಾರ ಅಡ ಇಟ್ಟು, ಉಳಿದದ್ದಕ್ಕೆ ಫೈನಾನ್ಸ್ ಮಾಡಿಸಿ ಟಿಪ್ಪರ್ ತಗೊಂಡ್ರು. "ಯಾರ ಅದಿರು ಮಾಮಾ?" ಅಂತ ಕೇಳಿದ್ದಕ್ಕೆ "ಲೋಡ್ ಮಾಡೋರು ಮಾಡ್ತಾರ, ಬಾಡಿಗಿ ಕೊಡೋರು ಕೊಡ್ತಾರ, ನಮಗ್ಯಾಕ?" ಅಂದಿದ್ರು. ಈ ಉತ್ತರವನ್ನ ನಾನು ಹಂಗಿಸೋದಿಲ್ಲ. ಪರ್ಮಿಟ್ ಇದೆಯಾ ಅಂತ ನೋಡೋ ಕೆಲಸ ಲಾರಿ ಮಾಲೀಕರದ್ದಲ್ಲ. ಅದಕ್ಕೆ ಅಂತ ಗಣಿ, ಅರಣ್ಯ, ಸಾರಿಗೆ, ಪೊಲೀಸ್, ಬಂದರು ಅಂತ ಐದು ಇಲಾಖೆ ಇದ್ದವು. ಅಕ್ರಮ ಗಣಿ ಬಗ್ಗೆ 2011ರಲ್ಲಿ ಬಂದ ಲೋಕಾಯುಕ್ತ ವರದಿಯಲ್ಲಿ 'ಜೀರೋ ರಿಸ್ಕ್' ಅನ್ನೋ ಪದ್ಧತಿಯ ವಿವರ ಇದೆ. ದುಡ್ಡು ಕೊಟ್ಟರೆ ಗಣಿಯಿಂದ ಬಂದರಿನ ತನಕ ಯಾರೂ ಕೈ ಅಡ್ಡ ಹಾಕಲ್ಲ. ಒಬ್ಬ ಮಂತ್ರಿ ಎಷ್ಟೇ ಬಲಿಷ್ಠರಾಗಿರಲಿ, ಐದು ಇಲಾಖೆ ಮನಸ್ಸು ಮಾಡದೆ ಇದು ನಡೆಯಲ್ಲ.

ಹೆಚ್ಚು ಜನ ಮರೆತಿರೋ ಸಂಗತಿ ಒಂದಿದೆ. ರೆಡ್ಡಿಯವರು ರಾಜ್ಯವನ್ನೇ ಅಲ್ಲಾಡಿಸ್ತಿದ್ದ ಕಾಲದಲ್ಲಿ ಒಂದು ವಿಧಾನಸಭಾ ಚುನಾವಣೆಯನ್ನೂ ಗೆದ್ದವರಾಗಿರಲಿಲ್ಲ. 2006ರಲ್ಲಿ ವಿಧಾನ ಪರಿಷತ್ ಸದಸ್ಯರಾದ್ರು. ಅದೇ ವರ್ಷ, ಮುಖ್ಯಮಂತ್ರಿ ಕುಮಾರಸ್ವಾಮಿ ಗಣಿ ಮಾಲೀಕರಿಂದ 150 ಕೋಟಿ ತಗೊಂಡಿದ್ದಾರೆ ಅಂತ ಆರೋಪ ಮಾಡಿ ಸುದ್ದಿಯಾದ್ರು. 2008ರಲ್ಲಿ ಬಿಜೆಪಿಗೆ 110 ಸೀಟು ಬಂತು, ಬಹುಮತಕ್ಕೆ ಮೂರು ಕಮ್ಮಿ. ಗೆದ್ದ ಪಕ್ಷೇತರರು ಆರು ಜನ, ಅದರಲ್ಲಿ ಐವರು ಮಂತ್ರಿಗಳಾದ್ರು. ಅವರನ್ನ ಕರೆತಂದಿದ್ದರಲ್ಲಿ ಬಳ್ಳಾರಿಯವರ ಕೈ ಎಷ್ಟಿತ್ತು ಅನ್ನೋದು ಆ ವಾರದ ಪತ್ರಿಕೆಗಳ ಮುಖಪುಟದಲ್ಲೇ ಇತ್ತು. ಮಂತ್ರಿಮಂಡಲದಲ್ಲಿ ಅಣ್ಣ ಕರುಣಾಕರ ರೆಡ್ಡಿಗೆ ಕಂದಾಯ, ಜನಾರ್ದನ ರೆಡ್ಡಿಗೆ ಪ್ರವಾಸೋದ್ಯಮ, ಶ್ರೀರಾಮುಲುಗೆ ಆರೋಗ್ಯ. ಸೋಮಶೇಖರ ರೆಡ್ಡಿ ಕೆಎಂಎಫ್ ಅಧ್ಯಕ್ಷರು. ದಕ್ಷಿಣ ಭಾರತದಲ್ಲಿ ಮೊದಲ ಸಲ ಕಮಲ ಅರಳಿತು ಅಂತ ಸಂಭ್ರಮಿಸಿದವರಲ್ಲಿ ಒಬ್ಬರೂ ಆವತ್ತು ಅದಿರಿನ ವಾಸನೆ ಬರ್ತಿದೆ ಅನ್ನಲಿಲ್ಲ.

2009ರದ್ದು ನನಗೆ ಇವತ್ತಿಗೂ ಹೊಟ್ಟೆ ಉರಿಯೋ ಪ್ರಸಂಗ. ಅಕ್ಟೋಬರ್ ಮೊದಲ ವಾರ ಉತ್ತರ ಕರ್ನಾಟಕ ಪೂರ್ತಿ ನೆರೆಯಲ್ಲಿ ಮುಳುಗಿತ್ತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಮಣ್ಣಿನ ಮನೆಗಳಂತೂ ಸಾಲುಸಾಲಾಗಿ ಕುಸಿದವು. ಯಡಿಯೂರಪ್ಪ ಸರ್ಕಾರ ಪರಿಹಾರಕ್ಕೆ ಅಂತ ಅದಿರು ಲಾರಿಗೆ 1000 ರೂಪಾಯಿ ಹಾಕೋ ಮಾತೆತ್ತಿತು, ಬಳ್ಳಾರಿಯ ಅಧಿಕಾರಿಗಳನ್ನೂ ಬದಲಾಯಿಸೋಕೆ ಹೋಯ್ತು. ಅಷ್ಟೇ. ರೆಡ್ಡಿ ಸೋದರರ ಬೆನ್ನಿಗೆ ಹತ್ತಾರು ಶಾಸಕರು ಹೈದರಾಬಾದಿನ ರೆಸಾರ್ಟಿಗೆ. ನೆರೆ ಬಂದ ಊರಿನ ಶಾಸಕರು ಅಲ್ಲಿ ಇರಲಿಲ್ಲ ಅಂದ್ಕೋಬೇಡಿ. ಕೊನೆಗೆ ಸುಷ್ಮಾ ಮಧ್ಯಸ್ಥಿಕೆ, ಸಚಿವೆ ಶೋಭಾ ಕರಂದ್ಲಾಜೆ ರಾಜೀನಾಮೆ, ಮುಖ್ಯಮಂತ್ರಿ ಟಿವಿ ಮುಂದೆ ಗಳಗಳ ಅತ್ತರು. ಅತ್ತಿದ್ದನ್ನ ನೋಡಿ ನಾವು ನಕ್ಕಿದ್ವಿ. ಒಬ್ಬ ಪರಿಷತ್ ಸದಸ್ಯರ ಬೆನ್ನಿಗೆ ಅಷ್ಟು ಜನ ಚುನಾಯಿತ ಶಾಸಕರು ಬಸ್ಸು ಹತ್ತಿ ಹೋದ್ರಲ್ಲ, ಅವರ ಹೆಸರು ಇವತ್ತು ನಮಗೆ ಬಾಯಲ್ಲಿ ಬರ್ತಾವಾ? ಅವರಲ್ಲಿ ಎಷ್ಟೋ ಜನ ಮತ್ತೆ ಗೆದ್ದರು, ಮಂತ್ರಿಗಳಾದ್ರು, ಪಕ್ಷ ಬದಲಿಸಿದ್ರು, ಈಗ ಭ್ರಷ್ಟಾಚಾರದ ವಿರುದ್ಧ ಭಾಷಣ ಮಾಡ್ತಾರೆ.

ಅದೇ ವರ್ಷ ಜೂನ್‌ನಲ್ಲಿ ರೆಡ್ಡಿಯವರು ತಿರುಪತಿ ತಿಮ್ಮಪ್ಪನಿಗೆ ವಜ್ರದ ಕಿರೀಟ ಕೊಟ್ಟಿದ್ದು. 40 ಕೋಟಿಗೂ ಮೇಲೆ ಅಂತ ಪತ್ರಿಕೆಗಳು ಬರೆದವು. ಇತ್ತ ರಾಜ್ಯದ ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿಯ ಹಳೇ ಗುಡಿಯನ್ನ 2006ರಲ್ಲಿ ಗಣಿಗಾಗಿ ಸ್ಫೋಟಿಸಿ ಕೆಡವಿದರು ಅನ್ನೋ ಆರೋಪ ಇತ್ತು. ಗಡಿ ಗುರುತಿಗೆ ಆಧಾರವಾಗಿದ್ದ ಜಾಗ ಅದು. ಆಂಧ್ರದ ಗುತ್ತಿಗೆ ಕಾಗದ ಇಟ್ಟುಕೊಂಡು ಈ ಕಡೆ ಬಳ್ಳಾರಿ ಕಾಡಿನ ಅದಿರು ತೆಗೆದರು ಅನ್ನೋದೇ ಇಡೀ ಪ್ರಕರಣದ ಹೂರಣ. ಗಡಿಕಲ್ಲು ಎಲ್ಲಿತ್ತು ಅಂತ ಕೊನೆಗೆ ಸುಪ್ರೀಂ ಕೋರ್ಟ್ ತನಕ ಹೋಗಿ ಸರ್ವೆ ಮಾಡಿಸಬೇಕಾಯ್ತು. ಒಂದು ರಾಜ್ಯದ ಗಡಿ ಸರಿದಾಡ್ತಿದ್ದರೆ ಆ ರಾಜ್ಯದ ವಿಧಾನಸಭೆಗೆ ಅದಕ್ಕಿಂತ ದೊಡ್ಡ ವಿಷಯ ಏನಿರುತ್ತೆ? ಸದನದಲ್ಲಿ ನಡೆದದ್ದು ಮಾತ್ರ ತೊಡೆ ತಟ್ಟೋದು, "ತಾಕತ್ತಿದ್ದರೆ ಬಳ್ಳಾರಿಗೆ ಬನ್ನಿ" ಅನ್ನೋ ರೆಡ್ಡಿ ಸೋದರರ ಸವಾಲು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಆ ಸವಾಲನ್ನ ಹಿಡಿದು 2010ರ ಜುಲೈ 25ಕ್ಕೆ ಬೆಂಗಳೂರಿಂದ ಹೊರಟು 320 ಕಿಲೋಮೀಟರ್ ನಡೆದು ಬಂದ್ರು. ಆ ಪಾದಯಾತ್ರೆಯಲ್ಲಿ ದಂ ಇತ್ತು, ಅದನ್ನ ಅಲ್ಲಗಳೆಯಲ್ಲ. ಹೆದರಿ ಬಾಯಿ ಮುಚ್ಚಿಕೊಂಡಿದ್ದ ಊರುಗಳಲ್ಲಿ ಜನ ಬಾಯಿಬಿಟ್ಟಿದ್ದೇ ಆಗ.

ರೆಡ್ಡಿಯವರನ್ನ ನಿಜವಾಗಿ ಕೆಡವಿದ್ದು ಮಾತ್ರ ಮತದಾರರಲ್ಲ, ಪಕ್ಷ ಅಲ್ಲ, ಸದನವೂ ಅಲ್ಲ. ಕೆಲವೇ ಅಧಿಕಾರಿಗಳು, ಅವರ ಕಡತಗಳು. ಅರಣ್ಯ ಇಲಾಖೆಯ ಯು.ವಿ. ಸಿಂಗ್ ಮತ್ತು ತಂಡ ಪರ್ಮಿಟ್ಟು, ಬಂದರಿನ ಲೆಕ್ಕ, ಬ್ಯಾಂಕ್ ಖಾತೆ ಒಂದಕ್ಕೊಂದು ತಾಳೆ ಹಾಕಿ ಕೂತರು. ಉತ್ತರ ಕನ್ನಡದ ಬೇಲೇಕೇರಿ ಬಂದರಿನಲ್ಲಿ ಅದಿರು ಜಪ್ತಿ ಮಾಡಿದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರನ್ನ ಅಮಾನತು ಮಾಡೋಕೆ ಹೊರಟಾಗ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆಯನ್ನೇ ಎಸೆದರು, ಆಮೇಲೆ ಅಡ್ವಾಣಿ ಮಾತಿಗೆ ವಾಪಸ್ ತಗೊಂಡ್ರು. 2011ರ ಜುಲೈ 27ಕ್ಕೆ ವರದಿ ಬಂತು, ರಾಜ್ಯಕ್ಕೆ ಆದ ನಷ್ಟ 16,085 ಕೋಟಿ ಅಂತ ಲೆಕ್ಕ. ನಾಲ್ಕು ದಿನಕ್ಕೆ ಯಡಿಯೂರಪ್ಪ ಕುರ್ಚಿ ಹೋಯ್ತು. ಸೆಪ್ಟೆಂಬರ್ 5ಕ್ಕೆ ಸಿಬಿಐ ಜನಾರ್ದನ ರೆಡ್ಡಿಯವರನ್ನ, ಬಾಮೈದ ಶ್ರೀನಿವಾಸ ರೆಡ್ಡಿಯವರನ್ನ ಬಳ್ಳಾರಿಯಿಂದ ಕರೆದುಕೊಂಡು ಹೋಗಿ ಹೈದರಾಬಾದಿನ ಚಂಚಲಗೂಡ ಜೈಲಿಗೆ ಹಾಕಿತು.

ಈ ಮಧ್ಯೆ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿ ನಿಲ್ಲಿಸಿತ್ತು. ಸರಿಯಾದ ಆದೇಶವೇ. ನಮ್ಮ ಮಾಮಾನ ಟಿಪ್ಪರು ಮನೆ ಹಿಂದಿನ ಖಾಲಿ ಸೈಟಿನಲ್ಲಿ ನಿಂತಿತು, ಕಂತು ಕಟ್ಟೋಕಾಗದೆ ಫೈನಾನ್ಸಿನವರು ಎಳಕೊಂಡು ಹೋದ್ರು. ಬಂಗಾರ ಬರಲೇ ಇಲ್ಲ. ಗಣಿ ಹಗರಣದ ಶಿಕ್ಷೆ ಎಲ್ಲರಿಗಿಂತ ಮೊದಲು ತಲುಪಿದ್ದು ಡ್ರೈವರ್, ಕ್ಲೀನರ್, ಪಂಕ್ಚರ್ ಅಂಗಡಿ, ದಾಬಾದವರಿಗೆ. ಅದಕ್ಕೆ ಯಾವ ಅಪೀಲೂ ಇರಲಿಲ್ಲ.

ಆಮೇಲಿನದ್ದು ನಿಮಗೂ ಗೊತ್ತು. ರೆಡ್ಡಿಯವರಿಗೆ ಜಾಮೀನು ಕೊಡೋಕೆ ಲಂಚ ಪಡೆದ ಆರೋಪದಲ್ಲಿ 2012ರಲ್ಲಿ ಸಿಬಿಐ ಕೋರ್ಟಿನ ನ್ಯಾಯಾಧೀಶರೇ ಅಮಾನತಾದ್ರು. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು, ಬಳ್ಳಾರಿಗೆ ಕಾಲಿಡಬಾರದು ಅನ್ನೋ ಷರತ್ತಿನ ಮೇಲೆ. 2016ರ ನವೆಂಬರ್‌ನಲ್ಲಿ, ನೋಟು ರದ್ದಾಗಿ ದೇಶವೆಲ್ಲಾ ಎರಡು ಸಾವಿರಕ್ಕೆ ಬ್ಯಾಂಕಿನ ಮುಂದೆ ಸಾಲು ನಿಂತಿದ್ದಾಗ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಗಳ ಮದುವೆ. 2018ರಲ್ಲಿ ಅಮಿತ್ ಶಾ, ಜನಾರ್ದನ ರೆಡ್ಡಿಗೂ ಬಿಜೆಪಿಗೂ ಸಂಬಂಧವಿಲ್ಲ ಅಂದರು. ಅದೇ ಚುನಾವಣೆಯಲ್ಲಿ ಇಬ್ಬರು ಸೋದರರಿಗೂ ಟಿಕೆಟ್, ಶ್ರೀರಾಮುಲುಗೆ ಎರಡು ಕ್ಷೇತ್ರ. ಸಂಬಂಧ ಇಲ್ಲ ಅಂದ್ರೆ ಹಂಗೆ.

2022ರ ಡಿಸೆಂಬರ್‌ನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿದ್ರು. ಬಳ್ಳಾರಿಗೆ ಹೋಗೋ ಹಾಗಿಲ್ಲ, ಪಕ್ಕದ ಕೊಪ್ಪಳ ಜಿಲ್ಲೆಯ ಗಂಗಾವತಿ ಆರಿಸಿಕೊಂಡ್ರು. 2023ರಲ್ಲಿ 8 ಸಾವಿರ ಚಿಲ್ಲರೆ ಮತದಿಂದ ಗೆದ್ದರು. ಬಳ್ಳಾರಿ ನಗರದಲ್ಲಿ ಹೆಂಡತಿ ಅರುಣಾ ಲಕ್ಷ್ಮಿ ತಮ್ಮ ಪಕ್ಷದಿಂದ, ಸೋದರ ಸೋಮಶೇಖರ ರೆಡ್ಡಿ ಬಿಜೆಪಿಯಿಂದ, ಮನೆಯವರೇ ಎದುರುಬದುರು ನಿಂತು ಇಬ್ಬರೂ ಸೋತರು. ಬೆಂಗಳೂರಿನ ಗೆಳೆಯರು ಗಂಗಾವತಿಯ ಜನರನ್ನ ದುಡ್ಡಿಗೆ ಮಾರಿಕೊಂಡವರು ಅಂತ ಬೈದಿದ್ದು ನೋಡಿ ನನಗೆ ಸಿಟ್ಟು ಬಂದಿತ್ತು. ಹನ್ನೆರಡು ವರ್ಷ ತೀರ್ಪು ಕೊಡದ ವ್ಯವಸ್ಥೆಯನ್ನ ಬಿಟ್ಟು, ತೀರ್ಪಿಲ್ಲದ ಅಭ್ಯರ್ಥಿಗೆ ಮತ ಹಾಕಿದವರನ್ನ ಬೈಯೋದು ಯಾವ ನ್ಯಾಯ? ಅಷ್ಟಕ್ಕೂ 2024ರ ಮಾರ್ಚ್‌ನಲ್ಲಿ ಅದೇ ಶಾಸಕರನ್ನ, ಕೇಸು ಹಾಗೇ ಇದ್ದಾಗಲೇ, ಯಡಿಯೂರಪ್ಪ ಮತ್ತು ವಿಜಯೇಂದ್ರ ಶಾಲು ಹೊದಿಸಿ ಪಕ್ಷಕ್ಕೆ ಕರೆದುಕೊಂಡ್ರಲ್ಲ, ಅವರಿಗೆ ಯಾರು ಏನು ಕೊಟ್ಟಿದ್ದರು ಅಂತ ಇದೇ ಗೆಳೆಯರು ಕೇಳಲಿಲ್ಲ.

ಇನ್ನು ಕಾಂಗ್ರೆಸ್. ಪಾದಯಾತ್ರೆಯ ಪುಣ್ಯದಲ್ಲಿ 2013ರಲ್ಲಿ 122 ಸೀಟು, ಸಿದ್ದರಾಮಯ್ಯ ಮುಖ್ಯಮಂತ್ರಿ. ಗಣಿ ತನಿಖೆಗೆ ಎಸ್‌ಐಟಿ (ವಿಶೇಷ ತನಿಖಾ ತಂಡ) ಆಯ್ತು, ಸಂಪುಟ ಉಪಸಮಿತಿ ಆಯ್ತು. ಬೇಲೇಕೇರಿ ಅದಿರು ಕದ್ದು ಸಾಗಿಸಿದ ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ಶಿಕ್ಷೆಯಾದವರಲ್ಲಿ ಕಾರವಾರದ ಕಾಂಗ್ರೆಸ್ ಶಾಸಕ ಸತೀಶ್ ಸೈಲ್ ಇದ್ದಾರೆ. ಅವರ ಶಿಕ್ಷೆಯನ್ನೂ ಹೈಕೋರ್ಟ್ ಅಮಾನತಿನಲ್ಲಿಟ್ಟಿತು. 2025ರಲ್ಲಿ ಕಾನೂನು ಸಚಿವ ಎಚ್.ಕೆ. ಪಾಟೀಲರೇ ತಮ್ಮ ಮುಖ್ಯಮಂತ್ರಿಗೆ ಉದ್ದದ ಪತ್ರ ಬರೆದು, ಅಕ್ರಮ ಗಣಿಯ ಬಹುಪಾಲು ಪ್ರಕರಣಗಳ ತನಿಖೆಯೇ ಆಗಿಲ್ಲ ಅಂತ ಹೇಳಿದ್ರು. ಸರ್ಕಾರದ ಸಚಿವರು ಸರ್ಕಾರಕ್ಕೇ ಪತ್ರ ಬರೆಯಬೇಕಾದ ಸ್ಥಿತಿ! ಓಬಳಾಪುರಂ ತೀರ್ಪು ಬಂದದ್ದು ಆಂಧ್ರದ ಗುತ್ತಿಗೆಯ ವಿಷಯದಲ್ಲಿ, ಹೈದರಾಬಾದಿನಲ್ಲಿ. ನಮ್ಮ ಕಡೆಯ ವರದಿಯಲ್ಲಿ ಹೆಸರಿದ್ದ ನೂರಾರು ಅಧಿಕಾರಿಗಳು, ಕಂಪನಿಗಳು, ವ್ಯಾಪಾರಿಗಳ ಗತಿ ಏನಾಯ್ತು? ಎಷ್ಟೋ ಜನ ಬಡ್ತಿ ಪಡೆದು, ನಿವೃತ್ತಿಯಾಗಿ, ಪಿಂಚಣಿ ತಗೊಳ್ತಾ ಇರಬೇಕು.

ಕಾಮೆಂಟಿನಲ್ಲಿ "ಹಾಗಾದ್ರೆ ರೆಡ್ಡಿ ಪಾಪದವರಾ?" ಅಂತ ಯಾರಾದ್ರೂ ಕೇಳೇ ಕೇಳ್ತೀರಿ. ಅಲ್ಲ. ಮೇಲ್ಮನವಿ ಇತ್ಯರ್ಥ ಆಗೋ ತನಕ ಕಾನೂನಿನ ಮಾತು ಕಾನೂನಿಗೆ ಬಿಡ್ತೀನಿ. ಆದ್ರೆ ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಯಾರ ಮಾತು ನಡೀತಿತ್ತು ಅಂತ ನೋಡಿದವನು ನಾನು, ಕರುಣೆ ಹುಟ್ಟೋದಿಲ್ಲ. ನನ್ನ ಬೇಡಿಕೆ ಬೇರೆ. ಬರೋ ಅಧಿವೇಶನದಲ್ಲಿ ಯಾವುದಾದ್ರೂ ಪಕ್ಷದ ಒಬ್ಬ ಶಾಸಕರು ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಒಂದೇ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಲಿ: 2011ರ ಲೋಕಾಯುಕ್ತ ವರದಿಯಲ್ಲಿ ಹೆಸರಿಸಿದ ಪ್ರತಿಯೊಬ್ಬರ ಮೇಲೆ ಏನು ಕ್ರಮ ಆಗಿದೆ, ವಸೂಲಾದ ಹಣ ಎಷ್ಟು, ಕೈಬಿಟ್ಟ ಪ್ರಕರಣ ಎಷ್ಟು, ಕೈಬಿಟ್ಟವರು ಯಾರು. ಸಚಿವರು ಉತ್ತರವನ್ನ ಹೆಸರು ಸಮೇತ ಸದನದಲ್ಲಿ ಮಂಡಿಸಲಿ. ನಿಮ್ಮ ನಿಮ್ಮ ಶಾಸಕರನ್ನ ಇಲ್ಲಿ ಟ್ಯಾಗ್ ಮಾಡಿ ಕೇಳಿ. ನಾನು ನಮ್ಮವರಿಗೆ ಪತ್ರ ಕಳಿಸಿದ್ದೀನಿ, ಉತ್ತರ ಬಂದ್ರೆ ಹಾಗೇ ಇಲ್ಲಿ ಹಾಕ್ತೀನಿ.