ಡಿಸ್ಕ್ ಟಕ್ ಟಕ್ ಅಂದ್ರ ಮೊದಲು ಬಂದ್ ಮಾಡ್ರಿ

ಗದಗದಲ್ಲಿ ಇಪ್ಪತ್ತೆರಡು ವರ್ಷದಿಂದ ಡಿಟಿಪಿ ಮಾಡಿಕೊಂಡು ಬಂದವನು ನಾನು. ಲಗ್ನಪತ್ರಿಕೆ, ಜಾತ್ರೆ ಹ್ಯಾಂಡ್‌ಬಿಲ್, ಅಭಿನಂದನ ಗ್ರಂಥ, ಏನೇ ಇರಲಿ, ಪ್ರಿಂಟ್ ಕೊಟ್ಟು ಮೂಲ ಫೈಲ್ ನಮ್ಮಲ್ಲೇ ಇಟ್ಕೋತೀವಿ. ಎಷ್ಟೋ ಮಂದಿಯ ಬರಹಕ್ಕೆ ಬೇರೆ ಪ್ರತಿಯೇ ಇರುವುದಿಲ್ಲ. ಆ ಹೊಣೆ ಎಷ್ಟು ಭಾರ ಅನ್ನೋದು ನನಗೆ ಈ ಬೇಸಿಗೆಯಲ್ಲಿ ತಿಳಿಯಿತು.

ನಿವೃತ್ತ ಸಾಲಿ ಮಾಸ್ತರೊಬ್ಬರು ತಮ್ಮ ಅವ್ವ ಬೀಸುವಾಗ ಹಾಡುತ್ತಿದ್ದ 140 ಹಾಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಬಿಡುವಾದಾಗೆಲ್ಲ ಕೂತು ಎರಡು ವರ್ಷದಲ್ಲಿ ಟೈಪ್ ಮಾಡಿ ಮುಗಿಸಿದ್ದೆ. ಆಮೇಲೆ ನೋಟ್‌ಬುಕ್ಕಿಗೆ ಒರಲಿ ಹತ್ತಿತು.

ಮೇ ತಿಂಗಳಲ್ಲಿ ಒಂದೊಂದು ಫೈಲ್ ತೆರೆಯಲು ಎರಡು ಮೂರು ನಿಮಿಷ ಹಿಡಿಯತೊಡಗಿತು. ಸಿಪಿಯು ಡಬ್ಬಿಗೆ ಕಿವಿ ಇಟ್ಟರೆ, ಫೈಲ್‌ಗಳೆಲ್ಲ ಇರುವ ಹಾರ್ಡ್ ಡಿಸ್ಕಿನಿಂದ ಟಕ್, ತುಸು ತಡೆದು ಮತ್ತೆ ಟಕ್. ಆಗಲೇ ಬಂದ್ ಮಾಡಬೇಕಿತ್ತು. ರಿಪೇರಿಗೆ ಕೊಟ್ಟೆ. ಅಲ್ಲಿ ರಾತ್ರಿಯಿಡೀ ಚೆಕ್‌ಡಿಸ್ಕ್ ಓಡಿಸಿದರು. ಬೆಳಿಗ್ಗೆ ಹಾಡಿನ ಫೋಲ್ಡರೇ ಇಲ್ಲ. ಟಕ್ ಟಕ್ ಮಾತ್ರ ಹೆಚ್ಚಾಗಿತ್ತು.

ದಯವಿಟ್ಟು ಇದೊಂದು ಮಾತು ಕೇಳಿ. ಚೆಕ್‌ಡಿಸ್ಕ್ ಇರುವುದು ನಿಮ್ಮ ಬರಹ ಉಳಿಸಲಿಕ್ಕಲ್ಲ. ಯಾವ ಫೈಲ್ ಎಲ್ಲಿದೆ ಅನ್ನುವ ವಿಂಡೋಸಿನ ಲೆಕ್ಕದ ವಹಿ ಸರಿಹೊಂದಿಸುವುದು ಅದರ ಕೆಲಸ. ತಾಳೆಯಾಗದ್ದನ್ನು ಕತ್ತರಿಸಿ ಬೇರೆ ಕಡೆ ಒಗೆಯುತ್ತದೆ, ಅದನ್ನೂ ಆ ಜೀವ ಹೋಗುತ್ತಿರುವ ಡಿಸ್ಕಿನ ಮೇಲೇ ಬರೆಯುತ್ತದೆ. ನನ್ನ ಡಿಸ್ಕಿನೊಳಗಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುವಂಥದ್ದು. ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲು ಆ ಸಂದಿಗಿಂತ ಸಾವಿರಾರು ಪಟ್ಟು ದಪ್ಪ. ಹೆಡ್ ಸೋತಿರುವಾಗ ಕೆಟ್ಟ ಜಾಗವನ್ನೇ ಮತ್ತೆ ಮತ್ತೆ ಓದಿಸಿದರೆ ಉಳಿದದ್ದೂ ಕೆರೆದುಹೋದೀತು. ಫ್ರಿಜ್ಜಿನೊಳಗ ಇಡ್ರಿ ಅನ್ನುವವರ ಮಾತಂತೂ ಕೇಳಲೇಬೇಡಿ, ಒಳಗೆ ನೀರಿನ ಪಸೆ ಕೂಡುತ್ತದೆ.

ಕೊನೆಗೆ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಹುಬ್ಬಳ್ಳಿಗೆ, ಕೆಟ್ಟ ಡಿಸ್ಕಿನಿಂದ ಫೈಲ್ ತೆಗೆದುಕೊಡುವ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಮೊದಲು ಕೇಳಿದ್ದು, ‘ಸರ್, ಇದಕ್ಕ ಮೊದಲ ಯಾರರ ಕೈ ಹಚ್ಯಾರೇನ್ರಿ?’ ಆಗಿದ್ದು ಹೇಳಿದೆ. ಏನೂ ಅನ್ನಲಿಲ್ಲ. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಹಚ್ಚಿದ, ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಸಲೀಸಾಗಿ ಬರುವ ಭಾಗವನ್ನು ಅದು ಮೊದಲು ಹೊಸ ಡಿಸ್ಕಿಗೆ ಇಳಿಸಿಕೊಳ್ಳುತ್ತದೆ, ಹಟ ಹಿಡಿದ ಜಾಗವನ್ನು ಗುರುತು ಹಾಕಿ ಬಿಟ್ಟು ಮುಂದೆ ಸಾಗುತ್ತದೆ, ಕಡೆಗೆ ಅವಕ್ಕೆ ವಾಪಸ್ ಬರುತ್ತದೆ. ನಡುವೆ ಕರೆಂಟ್ ಹೋದರೂ ಆ ಗುರುತಿನಿಂದಲೇ ಮುಂದುವರಿಸಬಹುದು. ಮೂರು ದಿನ ಹಿಡಿಯಿತು. ಹಳೆಯದನ್ನು ತೆಗೆದಿಟ್ಟು, ನಕಲಿನ ಮೇಲಷ್ಟೇ ಫೋಟೋರೆಕ್ ಓಡಿಸಿದ, ಕಳೆದ ಫೈಲ್‌ಗಳನ್ನು ಹುಡುಕಿ ತೆಗೆಯುವ ಸಾಫ್ಟ್‌ವೇರ್ ಅದು. ಹೆಸರೆಲ್ಲ ಹೋಗಿ ಬರೀ ನಂಬರಿನ ಸಾವಿರಾರು ಫೈಲ್ ಬಂದವು.

ಒಂದನ್ನು ತೆರೆದೆ. ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಗೀಟು, ಚುಕ್ಕಿ, ಕಸದಂಥ ಸಾಲು. ‘ಇದು ಹೋತ್ರಿ ಸರ್’ ಅಂದ ಹುಡುಗ. ನನಗೆ ಮಾತ್ರ ಗುರುತು ಸಿಕ್ಕಿತು, ಯುನಿಕೋಡ್‌ಗಿಂತ (ಕನ್ನಡ ಅಕ್ಷರಕ್ಕೇ ಬೇರೆ ಸಂಕೇತ ಇರುವ ಈಗಿನ ಪದ್ಧತಿ) ಮೊದಲಿನ ನಮ್ಮ ಟೈಪಿಂಗ್ ಅದು, ತಕ್ಕ ಫಾಂಟ್ ಇಲ್ಲದಿದ್ದರೆ ಹೀಗೇ ಕಾಣುತ್ತದೆ. ಎಲ್ಲ ಸೆಲೆಕ್ಟ್ ಮಾಡಿ ಹಳೆಯ ನುಡಿ ಫಾಂಟ್ ಕೊಟ್ಟೆ. ಪರದೆ ತುಂಬ ಕನ್ನಡ! ನನ್ನ ಕಣ್ಣು ತುಂಬಿ ಬಂದವು.

ಈಗ ಕೆಲಸ ಮುಗಿದ ದಿನವೇ ಗಿರಾಕಿಗೆ ಮೂಲ ಫೈಲನ್ನೂ, ಅದರ ಯುನಿಕೋಡ್ ಪ್ರತಿಯನ್ನೂ ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ. ಕೊಟ್ಟರೆ ಗಿರಾಕಿ ಬೇರೆ ಕಡೆ ಹೋಗ್ತಾನೆ ಅನ್ನುವ ನಮ್ಮವರ ಅಂಜಿಕೆ ನನಗೆ ಗೊತ್ತು. ಹೋಗಲಿ ಬಿಡಿ, ಬರಹ ಅವರದು.

117 ಹಾಡು ಸಿಕ್ಕವು. ಮಾಸ್ತರು ದಿನಾ ಸಂಜೆ ಅಂಗಡಿಗೆ ಬಂದು, ರದ್ದಾದ ಪ್ರೂಫ್ ಹಾಳೆಯ ಬೆನ್ನಿಗೆ ನೆನಪಾದಷ್ಟು ಬರೆಯುತ್ತಾರೆ. ನಿನ್ನೆ ಪೆನ್ ಹಿಡಿದು ಸುಮಾರು ಹೊತ್ತು ಸುಮ್ಮನೆ ಕೂತಿದ್ದವರು ಕೇಳಿದರು, ‘ತಮ್ಮಾ, ನೀ ಟೈಪ್ ಮಾಡಿದಾಂವ. ಇದರ ಮುಂದಿನ ಸಾಲು ನಿನಗೇನರ ನೆನಪೈತೇನು?’