ಪುಸ್ತಕದ ಮಗ್ಗುಲು

ಲೆಕ್ಕ ಹಾಕಿದರೆ ಪುಸ್ತಕಕ್ಕೆ ಆರು ಮುಖ. ಎರಡು ರಟ್ಟು, ಒಂದು ಬೆನ್ನು. ಚಿತ್ರ, ಹೆಸರು, ಮಿನುಗುವ ಅಕ್ಷರ ಎಲ್ಲ ಇವಕ್ಕೇ. ಉಳಿದ ಮೂರು ಕಡೆ ಬರೀ ಹಾಳೆಯ ಅಂಚು. ಅತ್ತ ಕಣ್ಣು ಹಾಯಿಸುವವರು ಇಬ್ಬರೇ: ಗೆದ್ದಲು ಮತ್ತು ಶಾಲೆ ಮಕ್ಕಳು.

ನಮ್ಮ ಕುಂಬಳೆ, ನೀರ್ಚಾಲು ಕಡೆಯ ಕನ್ನಡ ಶಾಲೆಗಳಲ್ಲಿ ಓದಿದವರಿಗೆ ಇದು ಗೊತ್ತಿದ್ದದ್ದೇ. ಅಣ್ಣನ ಪುಸ್ತಕ ತಮ್ಮನಿಗೆ, ತಮ್ಮನದ್ದು ಪಕ್ಕದ ಮನೆಗೆ. ಒಳಗೆ ಬರೆದ ಹೆಸರನ್ನು ಹೊಡೆದುಹಾಕಬಹುದು, ಬೈಂಡು ಬದಲಿಸಬಹುದು. ಅಂಚಿನ ಮೇಲೆ ಹೆಸರು ಬರೆದ ನೀಲಿ ಶಾಯಿ ಮಾತ್ರ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಹೊಸಬ ಅದರ ಮೇಲೆಯೇ ದಪ್ಪಗೆ ತನ್ನದನ್ನು ಬರೆಯುತ್ತಾನೆ. ಪುಸ್ತಕ ಬಿಡಿಸಿದರೆ ಹೆಸರು ಒಡೆದು ಹಾಳೆಗೊಂದು ಚುಕ್ಕಿ. ಓರೆ ಮಾಡಿದರೆ ರಬ್ಬರಿನ ಹಾಗೆ ಉದ್ದಕ್ಕೆ ಎಳೆಯುತ್ತದೆ.

ಇನ್ನೂ ಜಾಣರು ಮೊದಲೇ ಪುಸ್ತಕ ಓರೆ ಮಾಡಿ ಹಿಡಿದು ಬರೆಯುತ್ತಾರೆ. ನೆಟ್ಟಗೆ ಮುಚ್ಚಿದರೆ ಏನೂ ಸರಿಯಾಗಿ ಕಾಣದು. ಮಾಷ್ಟ್ರ ಅಡ್ಡಹೆಸರಿಗೆ ಇದಕ್ಕಿಂತ ಭದ್ರ ಜಾಗ ಉಂಟಾ?

ಇದೇ ಕಿತಾಪತಿಯನ್ನು ಇಂಗ್ಲೆಂಡಿನಲ್ಲಿ ದೊಡ್ಡವರು ಮಾಡಿದರು, ಅದೂ ದುಡ್ಡಿಗೆ. 18ನೇ ಶತಮಾನದಲ್ಲಿ ಹ್ಯಾಲಿಫ್ಯಾಕ್ಸ್ ಊರಿನ ಎಡ್ವರ್ಡ್ಸ್ ಮನೆತನದವರು ಇದಕ್ಕೆ ಹೆಸರುವಾಸಿ. ಹಾಳೆಗಳನ್ನು ಓರೆಯಾಗಿ ಜಾರಿಸಿ, ಅಲುಗಾಡದಂತೆ ಪ್ರೆಸ್ಸಿನಲ್ಲಿ ಬಿಗಿದು, ಜಲವರ್ಣದಲ್ಲಿ ಚಿತ್ರ ಬರೆಯುವುದು. ಕುಂಚದಲ್ಲಿ ನೀರು ಜಾಸ್ತಿಯಾದರೆ ಬಣ್ಣ ಒಳಗೆ ಹರಿದು ಪುಸ್ತಕವೇ ಹಾಳು. ಒಣಗಿದ ಮೇಲೆ ನೆಟ್ಟಗೆ ಮಾಡಿ, ಅಂಚಿಗೆ ಚಿನ್ನದ ರೇಕು ಅಂಟಿಸುತ್ತಾರೆ. ಮುಚ್ಚಿದರೆ ಬರೀ ಚಿನ್ನ. ಓರೆ ಮಾಡಿದರೆ ನದಿ, ಸೇತುವೆ, ಬಂಗಲೆ. ಗಮ್ಮತ್ತು ಇರುವುದು ಇಲ್ಲಿ: ಬಣ್ಣ ಬಿದ್ದಿರುವುದು ಅಂಚಿಗಲ್ಲ, ಪ್ರತಿ ಹಾಳೆಯ ತುದಿಯಲ್ಲಿ ಕೂದಲೆಳೆಯಷ್ಟು ಅಗಲಕ್ಕೆ. ಒಂದು ಹಾಳೆಯನ್ನು ಮಾತ್ರ ನೋಡಿದರೆ ಕೊಳೆ ಅಂದುಕೊಳ್ಳಬೇಕು. ಬಲಕ್ಕೆ ಬಗ್ಗಿಸಿದರೆ ಒಂದು ಚಿತ್ರ, ಎಡಕ್ಕೆ ಬಗ್ಗಿಸಿದರೆ ಇನ್ನೊಂದು, ಹೀಗೆ ಜೋಡಿ ಚಿತ್ರದ ಪುಸ್ತಕಗಳೂ ಇವೆ.

ಅದಕ್ಕೂ ಹಿಂದೆ ಯುರೋಪಿನಲ್ಲಿ ಪುಸ್ತಕದ ಬೆನ್ನನ್ನು ಗೋಡೆಗೆ ಮಾಡಿ, ಅಂಚನ್ನು ಹೊರಗೆ ಮಾಡಿ ಇಡುವ ರೂಢಿ ಇತ್ತು. 16ನೇ ಶತಮಾನದಲ್ಲಿ ಇಟಲಿಯ ಬೆಲ್ಲುನೊ ಕಡೆಯ ಪಿಲ್ಲೋನೆ ಮನೆತನದವರು ತಮ್ಮ ಪುಸ್ತಕಗಳ ಅಂಚಿಗೆ ಚೆಸಾರೆ ವೆಚೆಲ್ಲಿಯೊ ಎಂಬವನಿಂದ ಚಿತ್ರ ಬರೆಸಿದರು. ಪ್ರಸಿದ್ಧ ಚಿತ್ರಕಾರ ಟಿಷಿಯನ್‌ನ ಸಂಬಂಧಿ ಆತ. ಚೆಂದವೇನೋ ಹೌದು. ಆದರೆ ಎಲ್ಲರಿಗೂ ಕಾಣುವಂತೆ ಬರೆದದ್ದರಲ್ಲಿ ಆ ಮಜಾ ಇಲ್ಲ. ನನ್ನ ವೋಟು ಹ್ಯಾಲಿಫ್ಯಾಕ್ಸಿಗೆ.

ಚಿನ್ನದ ರೇಕು ಧೂಳು ಒಳಗೆ ಹೋಗದಂತೆ ತಡೆಯುತ್ತದಂತೆ. ಇರಬಹುದು. ನಮ್ಮ ಆಟಿ ತಿಂಗಳ ಮಳೆಗೆ ಒಮ್ಮೆ ಒಡ್ಡಿ ನೋಡಬೇಕು. ಇಲ್ಲಿ ಬೂಸ್ಟು ಪುಕ್ಕಟೆಯಾಗಿ ಬಂದು ಅಂಚು, ರಟ್ಟು, ಬೆನ್ನು ಎಂಬ ಭೇದವಿಲ್ಲದೆ ಚಿತ್ರ ಬಿಡಿಸಿ ಹೋಗುತ್ತದೆ.

ಈಗ ಅಂಚಿಗೆ ಬಣ್ಣ ಹಾಕಿದ ಇಂಗ್ಲಿಷ್ ಕಾದಂಬರಿಗಳು ಅಂಗಡಿಗೆ ಬರುತ್ತಿವೆ. ಮಕ್ಕಳ ಪಾಠಪುಸ್ತಕ ಮಾತ್ರ ಭಾಗ ಒಂದು, ಭಾಗ ಎರಡು ಅಂತ ತುಂಡಾಗಿ ತೆಳ್ಳಗಾಗಿದೆ. ಚೀಲದ ಭಾರ ಇಳಿಯಿತು, ಸಂತೋಷ. ಆದರೆ ಆ ಅಂಚಿನಲ್ಲಿ ಹೆಸರಿರಲಿ, ಇನಿಶಿಯಲ್ಲೂ ಹಿಡಿಸದು. ಕೈಚಳಕ ತೋರಿಸಲು ಉಳಿದಿರುವುದು 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ ನಿಘಂಟಿನಂಥ ದಪ್ಪ ಪುಸ್ತಕಗಳು. ಅದರ ಅಂಚಿನಲ್ಲಿ ಒಂದು ಯಕ್ಷಗಾನದ ಒಡ್ಡೋಲಗವನ್ನೇ ಕೂರಿಸಬಹುದು, ಚೆಂಡೆ ಮದ್ದಳೆ ಸಮೇತ. ಲೈಬ್ರರಿಯವರಿಗೆ ಇದನ್ನು ಯಾರೂ ಹೇಳಬೇಡಿ.