ತೋಳ ಬಂದ ಸಂಜೆ

ಹೋದ ಅಕ್ಟೋಬರ್ 31ರ ಸಂಜೆ, ಹ್ಯಾಲೋವೀನ್ ಹಬ್ಬಕ್ಕೆ, ನಮ್ಮ ಮನೆಗೆ ಪಕ್ಕದ ಮನೆಯ ಹುಡುಗಿ ತೋಳವಾಗಿ ಬಂದಿದ್ದಳು. ಆರೇಳು ವರ್ಷ ಇರಬೇಕು. ಅಮೆರಿಕದ ಮಿನೆಸೋಟ ರಾಜ್ಯದ ಚಳಿ ಅಲ್ವಾ, ದಪ್ಪ ಜಾಕೆಟ್ ಮೇಲೆಯೇ ವೇಷ ತೊಡಿಸಿದ್ದರು. ಜಿಪ್ ಹೊಟ್ಟೆಯ ಹತ್ತಿರ ಸಿಕ್ಕಿಕೊಂಡಿತ್ತು. ಬಾಲ ಒದ್ದೆ ಎಲೆಗಳ ಮೇಲೆ ಎಳೆದಾಡಿ ಕೆಸರಾಗಿತ್ತು. ನಾನು ಹೆದರಿದವನ ಹಾಗೆ ಹಿಂದೆ ಸರಿದೆ. ಅವಳು ಮುಖವಾಡ ಮೇಲೆತ್ತಿ, "ಹೆದರಬೇಡಿ, ತೋಳಗಳೇ ಮನುಷ್ಯರನ್ನ ಕಂಡರೆ ಓಡಿಹೋಗ್ತವೆ" ಅಂದಳು.

ಬೇಸಿಗೆಯಲ್ಲಿ ಅವಳ ಅಪ್ಪ ಅಮ್ಮ ಈಲಿ ಅನ್ನೋ ಊರಿನ ಇಂಟರ್‌ನ್ಯಾಷನಲ್ ವುಲ್ಫ್ ಸೆಂಟರ್‌ಗೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ದೊಡ್ಡ ಗಾಜಿನ ಕಿಟಕಿಯ ಆಚೆ ನಿಜವಾದ ತೋಳಗಳೇ ಓಡಾಡುತ್ತವೆ. ನಾನು ಗಂಗಾವತಿ ಕಡೆಯವನು, ತೋಳಗಳ ಸೀಮೆಯಲ್ಲೇ ಹುಟ್ಟಿದವನು. ಆ ವಯಸ್ಸಿನಲ್ಲಿ ನನಗೆ ಗೊತ್ತಿದ್ದದ್ದು "ತೋಳ ಬಂತು ತೋಳ" ಕತೆಯ ತೋಳ ಮಾತ್ರ. ಉಣ್ಣದಿದ್ದರೂ ಅದೇ ಬರುತ್ತಿತ್ತು, ಮಲಗದಿದ್ದರೂ ಅದೇ.

ಹ್ಯಾಲೋವೀನ್ ಬೇರು ಐರ್ಲೆಂಡ್ ಕಡೆಯದು. ಚಳಿಗಾಲ ಕಾಲಿಡುವ ಆ ರಾತ್ರಿ ಸತ್ತವರು ಓಡಾಡುತ್ತಾರೆ ಅನ್ನೋ ನಂಬಿಕೆ. ಅವರಿಗೆ ಗುರುತು ಸಿಗಬಾರದು ಅಂತ ಮುಖವಾಡ. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು, ಅಮೆರಿಕಕ್ಕೆ ಬಂದ ಮೇಲೆ ಅದು ಕುಂಬಳಕಾಯಿ ಆಯಿತು. ಯುರೋಪಿನ ಹಳೆಯ ಕತೆಗಳಲ್ಲಿ ತೋಳವಾಗಿ ಬದಲಾಗುವ ಮನುಷ್ಯ ಇದ್ದಾನೆ. ಅವನ ಬೆನ್ನು ಹಿಡಿದು ತೋಳವೂ ಈ ಹಬ್ಬದೊಳಗೆ ಬಂತು. ಕತ್ತಲು, ಹಸಿವು, ಮನುಷ್ಯನೊಳಗಿನ ಮೃಗ, ಎಲ್ಲಕ್ಕೂ ಅದೇ ಮುಖ.

ಆದರೆ ಇಲ್ಲಿ ಆ ಮುಖಕ್ಕೆ ಬಾಗಿಲು ತೆಗೆಯುತ್ತಾರೆ. ಹೊರಗಿನ ದೀಪ ಉರಿಯುತ್ತಿದ್ದರೆ ಬನ್ನಿ ಅಂತ ಅರ್ಥ. ದೆವ್ವ, ಮಾಟಗಾತಿ, ತೋಳ ಎಲ್ಲ ಮೆಟ್ಟಿಲು ಹತ್ತಿ ಬರುತ್ತವೆ, ಕೈಗೆ ಸಿಹಿ ಬೀಳುತ್ತೆ. ನಮ್ಮ ಓಣಿಯಲ್ಲಿ "ನಾಳೆ ಬಾ" ಅಂತ ಬರೆದು, ಅಗುಳಿ ಹಾಕಿ ಮಲಗುತ್ತಿದ್ದೆವು. ಆ ಅಕ್ಷರ ನೋಡಿಯೇ ನನಗೆ ಭಯ ಜಾಸ್ತಿ ಆಗುತ್ತಿತ್ತು. ಕರಾವಳಿಯಲ್ಲಿ ದಸರೆಗೆ ಹುಲಿವೇಷ ಇದೆ, ಎಷ್ಟು ಗೌರವದಿಂದ ಕುಣಿಯುತ್ತಾರೆ! ತೋಳದ ವೇಷ ಹಾಕಿದ ಮಗುವನ್ನು ನಮ್ಮೂರಲ್ಲಿ ನಾನು ನೋಡಿಲ್ಲ. ಬಯಲಲ್ಲಿ ನಮ್ಮ ಜೊತೆಗೇ ಬದುಕುವ ಪ್ರಾಣಿ, ಅದರ ಬಗ್ಗೆ ಮಕ್ಕಳಿಗೆ ಒಂದು ಒಳ್ಳೆ ಮಾತು ಹೇಳಲಿಲ್ಲ. ಇದು ನನಗೆ ನಿಜಕ್ಕೂ ನೋವು.

ಭಾನುವಾರ ಅವ್ವನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ ಅಂದಳು, "ನಿಮ್ಮ ಮುತ್ಯಾ ಎಷ್ಟು ವರ್ಷ ಕುರಿ ಕಾಯ್ದಾನ. ಒಂದು ತ್ವಾಳಾನೂ ಹೊಡೀಲಿಲ್ಲ. ಮರಿ ಒಯ್ದರ, ಅದರ ಪಾಲು ಅದು ಒಯ್ತು ಅಂತಿದ್ದ."

ನನಗೆ ಮಾತೇ ಬರಲಿಲ್ಲ. ಮಿನೆಸೋಟದಲ್ಲಿ 1965ರ ತನಕ ತೋಳ ಕೊಂದವರಿಗೆ ಸರ್ಕಾರವೇ ದುಡ್ಡು ಕೊಡುತ್ತಿತ್ತು. ಅಲಾಸ್ಕ ಬಿಟ್ಟರೆ ದೇಶದಲ್ಲಿ ಉಳಿದದ್ದು ಹೆಚ್ಚುಕಮ್ಮಿ ಇಲ್ಲಿನ ಉತ್ತರದ ಕಾಡಿನ ತೋಳಗಳಷ್ಟೇ. 1974ರಲ್ಲಿ ಕಾನೂನಿನ ರಕ್ಷಣೆ ಸಿಕ್ಕ ಮೇಲೆ ಸಂಖ್ಯೆ ಏರಿತು, ಈಗ ಈ ರಾಜ್ಯದಲ್ಲಿ 2,500ಕ್ಕೂ ಹೆಚ್ಚಿವೆ. ಗಾಜಿನ ಕಿಟಕಿ ಬಂದದ್ದು ಇಷ್ಟೆಲ್ಲ ಆದ ಮೇಲೆ. ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲೂ ಈಗ 332 ಹೆಕ್ಟೇರಿನ ತೋಳಧಾಮ ಇದೆ. ಆ ಬಯಲಲ್ಲಿ ತೋಳ ಉಳಿದದ್ದರಲ್ಲಿ ಕುರಿ ಕಾಯುವವರ ಪಾಲೂ ಇದೆ ಅಂತ ಒಪ್ಪಲೇಬೇಕು. ಅದನ್ನ ಮುತ್ಯಾ ನನಗೆ ಹೇಳಿಕೊಡಲಿಲ್ಲ. ನಾನೂ ಕೇಳಲಿಲ್ಲ.

ಫೋನ್ ಇಡುವ ಮೊದಲು ಅವ್ವ ಕೇಳಿದಳು, "ಆ ಹುಡುಗಿಗೆ ಏನ್ ಕೊಟ್ಟಿ?"

"ಚಾಕೊಲೇಟ್."

"ಒಂದಾ? ತ್ವಾಳ ಆಗಿ ಬಂದೈತಿ, ಇನ್ನೊಂದು ಕೊಡಬೇಕಿತ್ತಪಾ."